ಹೊತ್ತು ನೋಡಿ ಘಮಿಸುವ ಹೂಗಳು

“ಇಷ್ಟೊಂದು ಹೂ ಬಿಟ್ಟಿದೆ ಅಂತೀಯ. ವಾಸನೆ ಎಲ್ಲೋ?”

ಅಮ್ಮ ಕಿಟಕಿ ಪಕ್ಕ ಕೂತು ಕೇಳಿದ ಮಾತು ಇದು. ನಾನು ಕೈತೋಟ ಶುರು ಮಾಡಿದ ಮೊದಲ ವರ್ಷ. ಬಣ್ಣ ನೋಡಿ ಬೀಜ ತಂದಿದ್ದೆ. ಪ್ಯಾಕೆಟ್ಟಿನ ಮೇಲಿನ ಚಿತ್ರದಲ್ಲಿದ್ದ ಹಾಗೇ ಪಾತಿ ತುಂಬಾ ಹೂ ಬಂದಿತ್ತು. ಕೆಂಪು, ಹಳದಿ, ಕಿತ್ತಳೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಆದರೆ ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಇಳಿದು ಪಾತಿಯ ಹತ್ತಿರ ಹೋಗಲು ಆಗುತ್ತಿರಲಿಲ್ಲ. ಕಣ್ಣೂ ಮೊದಲಿನಷ್ಟು ಚುರುಕಿಲ್ಲ. ಅಷ್ಟು ದೂರದ ಹೂವಿನ ಸಾಲು ಅವಳಿಗೆ ಒಂದು ಮಸುಕು ಪಟ್ಟೆಯ ಹಾಗೆ ಕಾಣುತ್ತಿತ್ತು. ತೋಟ ಅವಳ ತನಕ ಬರಬೇಕಿದ್ದರೆ ಗಾಳಿಯಲ್ಲೇ ಬರಬೇಕಿತ್ತು.

ನನ್ನ ಕಥೆಯೂ ಹೆಚ್ಚು ಬೇರೆ ಇರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮನೆ ಬಿಡುತ್ತಿದ್ದೆ. ವಾಪಸ್ ಬರುವಾಗ ಕತ್ತಲಾಗಿರುತ್ತಿತ್ತು. ನಾನೇ ನೀರು ಹಾಕಿ ಬೆಳೆಸಿದ ಹೂಗಳನ್ನು ನಾನು ಕಣ್ತುಂಬ ನೋಡುತ್ತಿದ್ದದ್ದು ರಜಾ ದಿನ ಮಾತ್ರ. ಉಳಿದ ದಿನಗಳಲ್ಲಿ ಅವು ಯಾರಿಗೋ ಅರಳಿ, ಯಾರಿಗೋ ಬಾಡುತ್ತಿದ್ದವು.

ಅಮ್ಮನ ಆ ಪ್ರಶ್ನೆ ಕೇಳಿ ಎಂಟು ವರ್ಷ ಆಯಿತು. ಈಗ ಬೀಜ ತರುವಾಗ ನಾನು ಮೊದಲು ನೋಡುವುದು ಒಂದನ್ನೇ. ಈ ಹೂ ಯಾವ ಹೊತ್ತಿಗೆ ಘಮಿಸುತ್ತದೆ? ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಬಣ್ಣ, ಎತ್ತರ ಎಲ್ಲ ಆಮೇಲೆ.

ನಾನು ಹೇಳುತ್ತಿರುವುದು ಒಂದೇ ಋತುವಿನಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ ಮುಗಿದುಹೋಗುವ ಗಿಡಗಳ ಬಗ್ಗೆ. ಸೀಸನ್ ಹೂ ಅಂತೀವಲ್ಲ, ಅವು. ಇವುಗಳಲ್ಲಿ ಕೆಲವು ನಿಜವಾಗಿಯೂ ವರ್ಷದೊಳಗೆ ಸಾಯುವಂಥವು. ಇನ್ನು ಕೆಲವು ಬೆಚ್ಚಗಿನ ಕಡೆ ಎರಡು ಮೂರು ವರ್ಷ ಬದುಕಬಲ್ಲವು, ಆದರೂ ಚೆನ್ನಾಗಿ ಹೂಬಿಡುವುದು ಮೊದಲ ಸಲ ಅಂತ ಪ್ರತಿ ವರ್ಷ ಬೀಜದಿಂದಲೇ ಬೆಳೆಸುತ್ತಾರೆ. ಸಂಪಿಗೆಯಂಥದ್ದಾದರೆ ನೆಟ್ಟು ವರ್ಷಗಟ್ಟಲೆ ಕಾಯಬೇಕು. ಇವು ಹಾಗಲ್ಲ. ಬೀಜ ಹಾಕಿದ ಎರಡು ಮೂರು ತಿಂಗಳಿಗೆ ಪರಿಮಳ ಮೂಗಿಗೆ ಬರುತ್ತದೆ. ಬಾಡಿಗೆ ಮನೆಯಲ್ಲಿ ಇರುವವರಿಗೆ, ಮುಂದಿನ ವರ್ಷ ಎಲ್ಲಿರುತ್ತೇವೋ ಗೊತ್ತಿಲ್ಲದವರಿಗೆ ಇದು ಸಣ್ಣ ಮಾತಲ್ಲ.

ಗಿಡಕ್ಕೆ ಪರಿಮಳ ಸುಮ್ನೆ ಬರುವುದಿಲ್ಲ. ಅದನ್ನು ಮಾಡಲು ಅದು ಬಿಸಿಲಿನಿಂದ ಗಳಿಸಿದ್ದನ್ನು ಖರ್ಚು ಮಾಡಬೇಕು. ಹಾಗಾಗಿ ಬೇಕಾದಾಗ ಮಾತ್ರ ಬಿಡುತ್ತದೆ. ಪೆಟೂನಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಬಿಳಿ ಮತ್ತು ಕಡು ನೇರಳೆ ಪೆಟೂನಿಯಾಗಳ ಹತ್ತಿರ ಮಧ್ಯಾಹ್ನ ಮೂಗಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಅದೇ ಗಿಡದ ಹತ್ತಿರ ರಾತ್ರಿ ಎಂಟಕ್ಕೆ ಹೋಗಿ ನೋಡಿ. ಅದರ ಪರಿಮಳದ ಮುಖ್ಯ ಭಾಗ ಮೀಥೈಲ್ ಬೆಂಜೊಯೇಟ್ ಎನ್ನುವ ವಸ್ತು. ಸ್ನ್ಯಾಪ್‌ಡ್ರ್ಯಾಗನ್ ಹೂವಿನಲ್ಲೂ ಇರುವುದು ಇದೇ. ಆದರೆ ಸ್ನ್ಯಾಪ್‌ಡ್ರ್ಯಾಗನ್ ಇದನ್ನು ಹಗಲಲ್ಲಿ ಬಿಡುತ್ತದೆ, ಯಾಕೆಂದರೆ ಅದರ ಅತಿಥಿ ದುಂಬಿ. ಪೆಟೂನಿಯಾ ರಾತ್ರಿ ಬಿಡುತ್ತದೆ, ಯಾಕೆಂದರೆ ಅದು ಕಾಯುವುದು ಪತಂಗಕ್ಕೆ. ಪದಾರ್ಥ ಒಂದೇ, ಅಂಗಡಿ ತೆಗೆಯುವ ಹೊತ್ತು ಬೇರೆ.

ಪೆಟೂನಿಯಾದಲ್ಲಿ ಈ ಪರಿಮಳದ ಕೆಲಸವನ್ನು ಶುರು ಮಾಡಿಸುವ ಒಂದು ಜೀನನ್ನು ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಅದಕ್ಕೆ ಓಡರಂಟ್ 1 ಅಂತ ಹೆಸರಿಟ್ಟರು. ಹತ್ತು ವರ್ಷದ ನಂತರ ಇನ್ನೊಂದು ವಿಷಯ ಗೊತ್ತಾಯಿತು. ಗಿಡದೊಳಗಿನ ಗಡಿಯಾರದ ಭಾಗವಾದ ಬೇರೊಂದು ಜೀನ್ ಬೆಳಗಿನ ಹೊತ್ತು ಈ ಓಡರಂಟ್ 1 ಅನ್ನು ತಡೆದು ಹಿಡಿಯುತ್ತದಂತೆ. ಸಂಜೆಯಾಗುತ್ತಾ ಆ ಹಿಡಿತ ಸಡಿಲವಾಗುತ್ತದೆ. ಆಗ ಪರಿಮಳ ಹೊರಬರುತ್ತದೆ. ಇದನ್ನು ಓದಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ರಾತ್ರಿ ಕುಂಡದ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಮಣ್ಣಲ್ಲಿ ಬೇರೂರಿ ನಿಂತ ಒಂದು ಗಿಡ ಗಂಟೆ ಎಣಿಸುತ್ತಿದೆ ಅಲ್ವಾ!

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅನಿಸುತ್ತದೆ. ಸಂಜೆಮಲ್ಲಿಗೆ ಅಂದರು. ರಾತ್ರಿರಾಣಿ ಅಂದರು. ಹೂವಿನ ಹೆಸರಲ್ಲೇ ಹೊತ್ತು ಹೇಳಿಬಿಟ್ಟರು. ಇಂಗ್ಲಿಷಿನಲ್ಲೂ ಸಂಜೆಮಲ್ಲಿಗೆಗೆ ಗಂಟೆಯ ಹೆಸರೇ, ಫೋರ್ ಓ ಕ್ಲಾಕ್.

ಈ ಸಂಜೆಮಲ್ಲಿಗೆಯಿಂದಲೇ ನಾನು ಎರಡನೇ ವರ್ಷ ಶುರು ಮಾಡಿದ್ದು. ಅದಕ್ಕಿಂತ ಸುಲಭದ ಗಿಡ ನನಗೆ ಗೊತ್ತಿಲ್ಲ. ಕರಿಮೆಣಸಿನ ಹಾಗಿರುವ ಬೀಜ. ಬೆರಳಲ್ಲಿ ಮಣ್ಣಿಗೆ ಒತ್ತಿ ನೀರು ಹಾಕಿದರೆ ಸಾಕು. ಇಳಿಹೊತ್ತಿಗೆ ಅರಳುತ್ತದೆ, ಮರುದಿನ ಬಿಸಿಲೇರಿದಾಗ ಮುದುಡುತ್ತದೆ. ಮೋಡ ಕವಿದ ದಿನ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ಒಂದೇ ಗಿಡದಲ್ಲಿ ಹಳದಿ, ಗುಲಾಬಿ, ಎರಡೂ ಬೆರೆತ ಚುಕ್ಕೆಯ ಹೂ ಬರುವುದುಂಟು. ನಾವು ಎಸಳು ಅಂದುಕೊಳ್ಳುವುದು ಅದರ ಎಸಳೇ ಅಲ್ಲ, ಬಣ್ಣ ತುಂಬಿಕೊಂಡ ಪುಷ್ಪಪಾತ್ರೆ, ಅಂದರೆ ಬೇರೆ ಹೂಗಳಲ್ಲಿ ಎಸಳಿನ ಹೊರಗೆ ಹಸಿರಾಗಿರುವ ಸುತ್ತು. ಬೇರು ಗೆಡ್ಡೆ ಕಟ್ಟುವುದರಿಂದ ಬೆಚ್ಚಗಿನ ಕಡೆ ಒಣಗಿದ ಮೇಲೂ ಮತ್ತೆ ಚಿಗುರುತ್ತದೆ. ಬೀಜ ಮತ್ತು ಬೇರು ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೀಜ ಬಿದ್ದ ಜಾಗದ ಮೇಲೆ ಒಂದು ಕಣ್ಣಿರಲಿ.

ಆದರೆ ಅದನ್ನೂ ನಾನು ನೆಟ್ಟದ್ದು ಗೇಟಿನ ಹತ್ತಿರ. ಬರುವಾಗ ನನಗೆ ವಾಸನೆ ಬರುತ್ತಿತ್ತು, ಕಿಟಕಿಯಲ್ಲಿದ್ದ ಅಮ್ಮನಿಗೆ ಬರುತ್ತಿರಲಿಲ್ಲ. ಗಾಳಿಯ ದಿಕ್ಕು ಬೇರೆ. ಆಮೇಲೆ ಕಿಟಕಿಯ ಸರಳಿಗೆ ಒಂದು ತೆಳು ದಾರ ಕಟ್ಟಿ, ಒಂದು ವಾರ ಸಂಜೆ ಅದು ಯಾವ ಕಡೆ ತೂಗುತ್ತದೆ ಅಂತ ಅಮ್ಮನ ಹತ್ತಿರವೇ ಕೇಳಿದೆ. “ಗೋಡೆ ಮೂಲೆಯಿಂದ ಬರ್ತಿದೆ ಕಣೋ, ಅಲ್ಲೇ ಇಡು” ಅಂದಳು. ಈಗ ಕುಂಡಗಳೆಲ್ಲ ಆ ಮೂಲೆಯಲ್ಲೇ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ಸಂಜೆಯಾದ ಮೇಲೂ ಬೆಚ್ಚಗಿರುತ್ತದೆ. ಬೆಚ್ಚಗಿದ್ದಷ್ಟು ಪರಿಮಳ ಗಾಳಿಗೆ ಬೇಗ ಸೇರುತ್ತದೆ. ಎರಡು ಗೋಡೆ ಕೂಡುವ ಮೂಲೆಯಾದ್ದರಿಂದ ಗಾಳಿ ಅದನ್ನು ಪೂರ್ತಿ ಚದುರಿಸಿಬಿಡುವುದೂ ಇಲ್ಲ. ಪರಿಮಳದ ಗಿಡಕ್ಕೆ ಜಾಗ ಹುಡುಕುವವರು ಬಿಸಿಲಿನ ಲೆಕ್ಕ ಮಾತ್ರ ಹಾಕಿದರೆ ಸಾಲದು. ಸಂಜೆಯ ಗಾಳಿಯ ಲೆಕ್ಕವನ್ನೂ ಹಾಕಬೇಕು.

ಮೂರನೇ ವರ್ಷ ನಿಕೋಟಿಯಾನಾ ಬಂತು. ಹೆಸರೇ ಹೇಳುವ ಹಾಗೆ ತಂಬಾಕಿನ ಬಳಗ. ದಕ್ಷಿಣ ಅಮೆರಿಕದಿಂದ ಬಂದ ಗಿಡ. ಬೀಜ ಧೂಳಿನಷ್ಟು ಸಣ್ಣದು. ಮೊದಲ ಸಲ ಎಲ್ಲ ಬೀಜದ ಹಾಗೆ ಇದಕ್ಕೂ ಮಣ್ಣು ಮುಚ್ಚಿದೆ. ಒಂದೂ ಹುಟ್ಟಲಿಲ್ಲ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಮಣ್ಣನ್ನು ಒದ್ದೆ ಮಾಡಿ, ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ಹಾಗೇ ಬಿಡಬೇಕು. ನೀರನ್ನು ಕೆಳಗಿನ ತಟ್ಟೆಯಿಂದ ಕುಡಿಸಬೇಕು, ಮೇಲಿಂದ ಹಾಕಿದರೆ ಬೀಜ ಕೊಚ್ಚಿಹೋಗುತ್ತದೆ. ಹಗಲಲ್ಲಿ ಇದರ ಬಿಳಿ ಹೂಗಳು ಸೋತವರ ಹಾಗೆ ಜೋತುಬಿದ್ದಿರುತ್ತವೆ. ಮನೆಗೆ ಬಂದ ನೆಂಟರು ನೋಡಿ “ನೀರು ಹಾಕಿಲ್ವಾ?” ಅಂತ ಕೇಳಿದ್ದುಂಟು. ಕತ್ತಲಾಗುತ್ತಾ ಅವು ತಲೆ ಎತ್ತುತ್ತವೆ. ಆಮೇಲೆ ಮೂಲೆ ಪೂರ್ತಿ ಅವುಗಳದ್ದೇ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಹಗಲಲ್ಲೂ ಅರಳಿರುವ, ಗಿಡ್ಡ, ಬಣ್ಣಬಣ್ಣದ ನಿಕೋಟಿಯಾನಾ ತಳಿಗಳು ಈಗ ಜಾಸ್ತಿ ಸಿಗುತ್ತವೆ. ಪಾತಿಗೆ ಚೆಂದ, ಆದರೆ ಬಹಳಷ್ಟರಲ್ಲಿ ಪರಿಮಳ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನನಗೂ ಒಂದು ಸಲ ಹಾಗೆ ಆಯಿತು. ‘ಸುವಾಸನೆಯುಳ್ಳದ್ದು’ ಅಂತ ಬರೆದಿದ್ದ ಪ್ಯಾಕೆಟ್ ತಂದು, ನಾಲ್ಕು ತಿಂಗಳು ಸಾಕಿದ ಮೇಲೆ ಸಿಕ್ಕಿದ್ದು ಮೂಕ ಹೂಗಳು. ಬೇಜಾರಾಯಿತು. ಋತು ಹೋದರೆ ಹೋಯಿತು, ಮತ್ತೆ ವರ್ಷ ಕಾಯಬೇಕು. ಅದಾದ ಮೇಲೆ ನಾನು ಎತ್ತರ ಬೆಳೆಯುವ, ಸಂಜೆ ಅರಳುವ, ಬಿಳಿ ಹೂವಿನ ಹಳೆಯ ಬಗೆಗಳನ್ನೇ ಹುಡುಕುತ್ತೇನೆ. ಬಿಳಿಯೇ ಯಾಕೆ ಅಂದರೆ, ಕತ್ತಲಲ್ಲಿ ಬರುವ ಪತಂಗಕ್ಕೆ ಸುಲಭವಾಗಿ ಕಾಣುವುದು ಅದೇ. ಪತಂಗಕ್ಕಾಗಿ ಅರಳುವ ಹೂ ಬಣ್ಣದಲ್ಲಿ ಉಳಿಸಿದ್ದನ್ನು ಪರಿಮಳದಲ್ಲಿ ಕೊಡುತ್ತದೆ.

ಆ ಪತಂಗವನ್ನು ನಾನು ನೋಡಿದ್ದೇನೆ. ಹಾಕ್‌ಮಾತ್ ಅನ್ನುತ್ತಾರೆ. ಹಕ್ಕಿಯ ಹಾಗೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತು, ಸುರುಳಿ ಸುತ್ತಿಟ್ಟ ಉದ್ದನೆಯ ನಾಲಿಗೆಯನ್ನು ಬಿಚ್ಚಿ ಹೂವಿನ ಕೊಳವೆಗೆ ಇಳಿಸುತ್ತದೆ. ಒಂದು ಹೂವಿಗೆ ಒಂದೆರಡು ಕ್ಷಣ. ಮುಂದಿನದಕ್ಕೆ ಹೋಗಿಯಾಯಿತು. ದೂರದಿಂದ ಅದನ್ನು ಕರೆತರುವುದು ಈ ಕಂಪಿನ ದಾರಿ. ಆ ದಾರಿ ಈಗ ಕೆಡುತ್ತಿದೆ ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ. ವಾಹನಗಳ ಹೊಗೆಯಿಂದ ಹುಟ್ಟುವ ಕೆಲವು ವಸ್ತುಗಳು ರಾತ್ರಿಯ ಗಾಳಿಯಲ್ಲಿ ಹೂವಿನ ಪರಿಮಳವನ್ನು ಒಡೆದುಹಾಕುತ್ತವೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾಗೆ ಕೆಟ್ಟ ಪರಿಮಳವಿದ್ದ ಈವ್ನಿಂಗ್ ಪ್ರಿಮ್‌ರೋಸ್ ಹೂಗಳಿಗೆ ಹಾಕ್‌ಮಾತ್‌ಗಳ ಭೇಟಿ ಶೇಕಡ 70ರಷ್ಟು ಇಳಿದುಹೋಯಿತು. ಹೂ ಅರಳಿದೆ, ಕರೆಯುತ್ತಿದೆ, ಕರೆ ತಲುಪುತ್ತಿಲ್ಲ. ನನ್ನ ಎಂಟು ಕುಂಡಗಳಿಂದ ಇದೇನೂ ಸರಿಹೋಗುವುದಿಲ್ಲ, ಗೊತ್ತು. ಆದರೂ ಪತಂಗ ಬಂದ ರಾತ್ರಿ ನಾನು ಹೊರಗಿನ ದೀಪ ಆರಿಸಿಬಿಡುತ್ತೇನೆ.

ಮೂನ್‌ಫ್ಲವರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇದು ಬಳ್ಳಿ. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಉಗುರು ತಿಕ್ಕುವ ಅರದಿಂದ ಒಂದು ಕಡೆ ಸ್ವಲ್ಪ ತಿಕ್ಕಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಹಾಕಬೇಕು. ಬಳ್ಳಿ ಹಬ್ಬಲು ತುಂಬಾ ದಿನ ತೆಗೆದುಕೊಂಡಿತು. ಅಮ್ಮನ ಕಿಟಕಿಗೆ ದಾರ ಕಟ್ಟಿ ಹಬ್ಬಿಸಿದ್ದೆ. ಒಂದು ಸಂಜೆ ಅವಳೇ ಕರೆದಳು. “ಬಾರೋ, ಇದೇನೋ ಅಲ್ಲಾಡ್ತಿದೆ.”

ಮೊಗ್ಗು ಮಡಿಸಿದ ಛತ್ರಿಯ ಹಾಗಿತ್ತು. ಉದ್ದಕ್ಕೆ, ತುದಿಯಲ್ಲಿ ಚೂಪಾಗಿ, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು. ಮೊದಲು ಒಂದು ನಡುಕ. ಆಮೇಲೆ ತಿರುಚು ಒಂದು ಎಳೆ ಸಡಿಲವಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ನಡುಕ. ಮತ್ತೆ ಒಂದು ಎಳೆ. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಒಂದು ಅಂಚು ಬಿಡಿಸಿಕೊಂಡಿದ್ದೇ ತಡ, ಉಳಿದದ್ದೆಲ್ಲ ಕಣ್ಣೆದುರೇ ಅಗಲವಾಯಿತು. ಅಂಗೈಯಷ್ಟು ದೊಡ್ಡ ಬಿಳಿ ತಟ್ಟೆ. ಮಧ್ಯದಲ್ಲಿ ತಿಳಿ ಹಸಿರಿನ ನಕ್ಷತ್ರ. ಪರಿಮಳ ಆಮೇಲೆ ಬಂತು, ನಿಧಾನವಾಗಿ. ಅಮ್ಮ ಬೆರಳ ತುದಿಯಿಂದ ಅದರ ಅಂಚು ಮುಟ್ಟಿ, “ಒದ್ದೆ ಇದೆ” ಅಂದಳು. ಅಷ್ಟು ಹತ್ತಿರ ಇದ್ದದ್ದರಿಂದ ಅವಳಿಗೆ ಪೂರ್ತಿ ಕಂಡಿತ್ತು. ಬೆಳಿಗ್ಗೆ ನಾನು ಹೊರಡುವಾಗ ಹೂ ಸೊರಗಿ ಒದ್ದೆ ಕಾಗದದಂತೆ ಅಂಟಿಕೊಂಡಿತ್ತು. ಒಂದು ಹೂವಿಗೆ ಒಂದೇ ರಾತ್ರಿ.

ಇನ್ನು ಹಗಲಿನ ಹೂಗಳು. ಸಂಜೆ ಮಾತ್ರ ಮನೆಯಲ್ಲಿರುವವರು ಇವುಗಳನ್ನು ಬಿಟ್ಟುಬಿಡಬೇಕು ಅಂತ ನಾನು ಮೊದಲು ಅಂದುಕೊಂಡಿದ್ದೆ. ಸ್ವೀಟ್ ಪೀ ನನ್ನ ಅಭಿಪ್ರಾಯ ಬದಲಿಸಿತು. ಕತ್ತರಿಸಿ ಒಳಗೆ ತಂದು ನೀರಲ್ಲಿ ಇಟ್ಟರೂ ಅದು ಘಮಿಸುತ್ತಲೇ ಇರುತ್ತದೆ. ಎಷ್ಟು ಕತ್ತರಿಸುತ್ತೇವೋ ಅಷ್ಟು ಹೂ ಬಿಡುತ್ತದೆ. ಹೀಗಿರುವಾಗ ಹಗಲೇನು, ರಾತ್ರಿಯೇನು.

ಸ್ವೀಟ್ ಪೀ ಅವರೆ, ಬಟಾಣಿಗಳ ನೆಂಟ. ಹೂ ನೋಡಿದರೇ ಗೊತ್ತಾಗುತ್ತದೆ. ಮೂಲ ಇಟಲಿಯ ದಕ್ಷಿಣದ ಸಿಸಿಲಿ. ಅಲ್ಲಿನ ಫ್ರಾನ್ಸಿಸ್ಕೊ ಕುಪಾನಿ ಎಂಬ ಸನ್ಯಾಸಿ ಸಸ್ಯಶಾಸ್ತ್ರದಲ್ಲಿ ಆಸಕ್ತಿ ಇದ್ದವರು. 1699ರಲ್ಲಿ ಇದರ ಬೀಜವನ್ನು ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ಯೂವ್‌ಡೇಲ್ ಎಂಬ ಶಾಲಾ ಮಾಸ್ತರರಿಗೆ ಕಳಿಸಿದರು. ಆ ಮೊದಲ ಹೂ ಸಣ್ಣದು, ಮೇಲಿನ ಎಸಳು ಕಂದುಗೆಂಪು, ಕೆಳಗಿನದು ನೇರಳೆ. ಕಂಪು ಮಾತ್ರ ಬಹಳ ಜೋರು. ಆಮೇಲೆ 19ನೇ ಶತಮಾನದಲ್ಲಿ ಹೆನ್ರಿ ಎಕ್‌ಫರ್ಡ್ ಎಂಬ ತೋಟಗಾರರು ದೊಡ್ಡ ಹೂವಿನ ತಳಿಗಳನ್ನು ಬೆಳೆಸಿದರು. 1900ರ ಸುಮಾರಿಗೆ ಅಂಚು ಅಲೆಅಲೆಯಾಗಿರುವ ಸ್ಪೆನ್ಸರ್ ಬಗೆ ಬಂತು. ಹೂ ದೊಡ್ಡದಾಗುತ್ತಾ ಹೋದ ಹಾಗೆ ಕೆಲವು ತಳಿಗಳಲ್ಲಿ ಪರಿಮಳ ಹಿಂದೆ ಸರಿಯಿತು. ಆ ಮೊದಲ ಬಗೆ ಈಗಲೂ ಕುಪಾನಿಯವರ ಹೆಸರಲ್ಲೇ ಸಿಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಮುನ್ನೂರು ವರ್ಷದ ಹಿಂದೆ ಒಬ್ಬರು ಲಕೋಟೆಗೆ ಹಾಕಿ ಕಳಿಸಿದ ಅದೇ ವಾಸನೆಯನ್ನು ನಾನು ಇವತ್ತು ಮೂಸುತ್ತಿದ್ದೇನೆ ಅನ್ನುವುದು ನನಗೆ ದೊಡ್ಡ ವಿಷಯ.

ಇದಕ್ಕೆ ತಂಪು ಬೇಕು. ಬೇಸಿಗೆ ಹದವಾಗಿರುವ ಕಡೆ ಚಳಿ ಮುಗಿಯುವಾಗ ಬಿತ್ತುತ್ತಾರೆ. ಬೇಸಿಗೆ ಸುಡುವ ಕಡೆ ಚಳಿಗಾಲದ ಮುಂಚೆಯೇ ಬಿತ್ತಿ, ಬಿಸಿಲು ಏರುವುದರೊಳಗೆ ಹೂ ನೋಡಿ ಮುಗಿಸಬೇಕು. ಬೇರು ಆಳಕ್ಕೆ ಇಳಿಯುವುದರಿಂದ ಆಳದ ಕುಂಡ ಬೇಕು. ಸಸಿಗೆ ಮೂರು ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಬೇಕು. ಮೊದಲ ವರ್ಷ ನನಗೆ ಮನಸ್ಸೇ ಬರಲಿಲ್ಲ. ಅಷ್ಟು ಮುದ್ದಾಗಿ ಮೇಲೇಳುತ್ತಿರುವ ಕುಡಿಯನ್ನು ಚಿವುಟುವುದಾ? ಚಿವುಟದೆ ಬಿಟ್ಟೆ. ಒಂದೇ ಕಡ್ಡಿಯಾಗಿ ಎತ್ತರಕ್ಕೆ ಹೋಗಿ, ಬೆರಳೆಣಿಕೆಯ ಹೂ ಬಿಟ್ಟು ಮುಗಿಸಿತು. ಚಿವುಟಿದರೆ ಬುಡದಿಂದ ಎರಡು ಮೂರು ಕವಲು ಒಡೆಯುತ್ತವೆ.

ಹೂ ಶುರುವಾದ ಮೇಲೆ ದಿನ ಬಿಟ್ಟು ದಿನ ಕತ್ತರಿ ಹಿಡಿಯಲೇಬೇಕು. ಕೆಳಗಿನ ಹೂ ಪೂರ್ತಿ ಅರಳಿ, ತುದಿಯದ್ದು ಇನ್ನೂ ಮೊಗ್ಗಾಗಿರುವಾಗ ದಂಟಿನ ಬುಡಕ್ಕೆ ಕತ್ತರಿಸುತ್ತೇನೆ. ಎಲೆಯ ಮರೆಯಲ್ಲಿ ಒಂದು ದಂಟು ಕಣ್ಣು ತಪ್ಪಿಸಿದರೂ ಅಲ್ಲಿ ಕಾಯಿ ಕೂರುತ್ತದೆ. ನಾಲ್ಕು ಕಾಯಿ ಕೂತರೆ ಗಿಡಕ್ಕೆ ತನ್ನ ಕೆಲಸ ಮುಗಿಯಿತು ಅನಿಸುತ್ತದೋ ಏನೋ, ಹೂ ನಿಲ್ಲಿಸಿಬಿಡುತ್ತದೆ. ಕಾಯಿ ಬಟಾಣಿಯ ಹಾಗೇ ಕಾಣುತ್ತದೆ, ಆದರೆ ತಿನ್ನುವಂಥದ್ದಲ್ಲ, ವಿಷ. ಕತ್ತರಿಸಿದ ಗೊಂಚಲು ಅಮ್ಮನ ಮಂಚದ ಪಕ್ಕದ ಲೋಟಕ್ಕೆ. ರಾತ್ರಿ ಅವಳ ಕೋಣೆಗೆ ಹೋದರೆ ಕಿತ್ತಳೆ ಹೂವಿನದ್ದೂ ಜೇನಿನದ್ದೂ ಬೆರೆತ ಹಾಗಿನ ಒಂದು ಕಂಪು. ಒಳಗೇ ಇರುವ ಅವಳಿಗೆ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಗುವುದಿಲ್ಲ. ಮೂಗು ಯಾವ ವಾಸನೆಗಾದರೂ ಬೇಗ ಒಗ್ಗಿಹೋಗುತ್ತದೆ. ಹೊರಗೆ ಹೋಗಿ ಬಂದರೆ ಮತ್ತೆ ಹೊಸದಾಗಿ ಸಿಗುತ್ತದೆ. ಇದನ್ನು ಹೇಳಿದ ಮೇಲೆ ಅಮ್ಮ ದಿನಕ್ಕೆ ನಾಲ್ಕು ಸಲ ಎದ್ದು ಪಡಸಾಲೆಗೆ ಹೋಗಿ ಬರುತ್ತಾಳೆ. ಮಂಡಿಗೂ ಅದು ಒಳ್ಳೆಯದೇ ಆಯಿತು.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಲಿಸಮ್ ನೆಲಕ್ಕೆ ಅಂಟಿ ಬೆಳೆಯುವ ಪುಟ್ಟ ಗಿಡ, ಜೇನಿನ ವಾಸನೆ. ಬಿತ್ತಿದ ಆರರಿಂದ ಎಂಟು ವಾರಕ್ಕೆ ಹೂ. ದೊಡ್ಡ ಕುಂಡಗಳ ಅಂಚಿಗೆ ಹಾಕಿದರೆ ಚೆನ್ನ. ಅದಕ್ಕೆ ಬರುವ ಹೋವರ್‌ಫ್ಲೈ ನೊಣಗಳ ಮರಿಗಳು ಗಿಡಹೇನು ತಿನ್ನುತ್ತವೆ, ಹಾಗಾಗಿ ಅಕ್ಕಪಕ್ಕದ ಗಿಡಕ್ಕೂ ಲಾಭ. ಮಿನೊನೆಟ್ ಹೂ ನೋಡಿದರೆ ಹೂ ಅಂತಲೇ ಅನಿಸುವುದಿಲ್ಲ, ಹಸಿರು ಬೆರೆತ ಮಂಕು ಬಣ್ಣ. ವಾಸನೆಗೋಸ್ಕರವೇ ಬೆಳೆಯಬೇಕು. ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ, ಇರಬೇಕಾದ ಜಾಗದಲ್ಲೇ ಬಿತ್ತಿ. ಸ್ಟಾಕ್ ಅನ್ನುವ ಹೂವಿನಲ್ಲಿ ರಾತ್ರಿ ಘಮಿಸುವ ಒಂದು ಬಗೆ ಇದೆ, ನೈಟ್ ಸೆಂಟೆಡ್ ಸ್ಟಾಕ್ ಅಂತ. ಹಗಲಲ್ಲಿ ಒಣಗಿದ ಕಳೆಯ ಹಾಗೆ ಕಾಣುವ ಅದನ್ನು ಬೇರೆ ಹೂಗಳ ನಡುವೆ ಒಂದು ಚಿಟಿಕೆ ಉದುರಿಸಿಬಿಟ್ಟರೆ ಸಾಕು. ಹಗಲಿಗೆ ಆ ಹೂಗಳು, ರಾತ್ರಿಗೆ ಇದು.

ಗೊಬ್ಬರದ ವಿಷಯದಲ್ಲಿ ನಾನು ಮಾಡಿದ ತಪ್ಪು ನಿಮಗೆ ಬೇಡ. ಪ್ರೀತಿ ಜಾಸ್ತಿಯಾಗಿ ಒಂದು ವರ್ಷ ವಾರವಾರ ಸಾರಜನಕದ ಗೊಬ್ಬರ ಹಾಕಿದೆ. ಗಿಡಗಳು ಸೊಕ್ಕಿ ಬೆಳೆದವು. ಎಲೆ ಅಂದರೆ ಎಲೆ, ಕಡು ಹಸಿರು. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಆ ಎಳೆ ಎಲೆಗಳಿಗೆ ಗಿಡಹೇನು ಮುತ್ತಿಕೊಂಡಿತು. ಈಗ ನೆಡುವಾಗ ಮಣ್ಣಿಗೆ ಹಳೆಯ ಕಾಂಪೋಸ್ಟ್ ಬೆರೆಸುತ್ತೇನೆ, ಮೊಗ್ಗು ಕಾಣಿಸಿದ ಮೇಲೆ ಪೊಟ್ಯಾಷ್ ಇರುವುದನ್ನು ತೆಳುವಾಗಿ ಕೊಡುತ್ತೇನೆ. ಅಷ್ಟೇ. ನೀರಿನ ವಿಷಯದಲ್ಲಿ ಮಾತ್ರ ಉದಾಸೀನ ಮಾಡುವುದಿಲ್ಲ. ಬಾಯಾರಿದ ಗಿಡ ಸರಿಯಾಗಿ ಘಮಿಸುವುದಿಲ್ಲ.

ಇನ್ನೊಂದು, ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತಬೇಡಿ. ಇವು ಅಲ್ಪಾಯುಷಿಗಳು. ಒಟ್ಟಿಗೆ ಬಿತ್ತಿದರೆ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿಯುತ್ತವೆ. ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿದರೆ ಒಂದು ಕುಂಡ ಬಾಡುವಾಗ ಇನ್ನೊಂದು ಮೊಗ್ಗಾಗಿರುತ್ತದೆ. ಅಲಿಸಮ್, ನೈಟ್ ಸೆಂಟೆಡ್ ಸ್ಟಾಕ್ ಎರಡಕ್ಕೂ ಇದು ಚೆನ್ನಾಗಿ ಹೊಂದುತ್ತದೆ.

ಪರಿಮಳದ ಬಗ್ಗೆ ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ ಸಂಗತಿ ಒಂದಿದೆ. ಪರಾಗಸ್ಪರ್ಶ ಆದ ಮೇಲೆ ಹೂ ಘಮಿಸುವುದನ್ನು ಕಡಿಮೆ ಮಾಡುತ್ತದೆ. ಪೆಟೂನಿಯಾ, ಸ್ನ್ಯಾಪ್‌ಡ್ರ್ಯಾಗನ್ ಎರಡರಲ್ಲೂ ಇದನ್ನು ಅಳೆದು ನೋಡಿದ್ದಾರೆ. ಎಸಳು ಇನ್ನೂ ತಾಜಾ ಇರುತ್ತದೆ, ಬಣ್ಣ ಮಾಸಿರುವುದಿಲ್ಲ. ಆದರೆ ಕರೆಯುವ ಅಗತ್ಯ ಮುಗಿದಿರುತ್ತದೆ. ನಾವು ಮೂಗಿನ ಹತ್ತಿರ ತಂದು ಸಂತೋಷಪಡುವುದು ಇನ್ನೂ ಕಾಯುತ್ತಿರುವ ಹೂವನ್ನು.

ಇದು ಗೊತ್ತಾದ ಮೇಲೆ ಕತ್ತರಿ ಹಿಡಿದಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ನಾನು ಮಾಡುತ್ತಿರುವುದೇನು? ಗಿಡ ಬೀಜ ಕಟ್ಟಲು ಹೊರಟಾಗಲೆಲ್ಲ ತಡೆದು, ಮತ್ತೆ ಮೊದಲಿಂದ ಶುರು ಮಾಡು ಅನ್ನುತ್ತಿದ್ದೇನೆ. ಅದೂ ಬೇಸರವಿಲ್ಲದೆ ಮತ್ತೆ ಹೂ ಬಿಡುತ್ತದೆ. ತನ್ನ ಚಿಕ್ಕ ಆಯುಷ್ಯವನ್ನೆಲ್ಲ ನಮ್ಮ ಮನೆಯ ಕಿಟಕಿಗೆ ಖರ್ಚು ಮಾಡುತ್ತದೆ. ಇದಕ್ಕೆ ನಾನು ನನ್ನದೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಪ್ರತಿ ಬಗೆಯಲ್ಲೂ ಒಳ್ಳೆಯ ಎರಡು ಗಿಡಗಳಿಗೆ ಕೆಂಪು ದಾರ ಕಟ್ಟುತ್ತೇನೆ. ಋತುವಿನ ಅರ್ಧ ದಾಟಿದ ಮೇಲೆ ಅವುಗಳಿಗೆ ಕತ್ತರಿ ಹಾಕುವುದಿಲ್ಲ. ಅವು ಎಷ್ಟು ಬೇಕೋ ಅಷ್ಟು ಕಾಯಿ ಬಿಡಲಿ. ಹಳದಿಯಾಗಲಿ, ಒಣಗಲಿ. ನೋಡಲು ಚೆಂದ ಇರುವುದಿಲ್ಲ. ಇರಲಿ.

ಬೀಜಕ್ಕೆ ಅಂತ ಗಿಡ ಬಿಡುವುದು ಯಾಕೆ ಬೇಕು ಅನ್ನುವುದು ಮಾಮೂಲಿ ಸ್ಟಾಕ್ ಹೂವಿನಲ್ಲಿ ಇನ್ನೂ ಸ್ಪಷ್ಟ. ಲವಂಗದ ಘಮವಿರುವ ಆ ಹೂವಿನಲ್ಲಿ ಎರಡು ಥರ. ಸುತ್ತು ಸುತ್ತಾಗಿ ತುಂಬಿಕೊಂಡಿರುವುದು ಒಂದು, ನಾಲ್ಕೇ ಎಸಳಿನದ್ದು ಇನ್ನೊಂದು. ಎಲ್ಲರಿಗೂ ಬೇಕಾಗಿರುವುದು ಸುತ್ತಿನ ಹೂ. ಆದರೆ ಅದು ಬೀಜ ಕಟ್ಟುವುದೇ ಇಲ್ಲ. ಅದಕ್ಕೆ ಕೇಸರಗಳೇ ಇಲ್ಲ. ಅದರ ಬೀಜ ಬರುವುದು ನಾಲ್ಕೆಸಳಿನ ಒಡಹುಟ್ಟಿನಿಂದ. ಅಂಥ ಗಿಡದ ಬೀಜ ಬಿತ್ತಿದರೆ ಸುಮಾರು ಅರ್ಧದಷ್ಟು ಸುತ್ತಿನ ಹೂವಿನ ಗಿಡಗಳು ಹುಟ್ಟುತ್ತವೆ. ಮೊದಲೆಲ್ಲ ನಾಲ್ಕೆಸಳಿನದ್ದನ್ನು ಕಿತ್ತು ಬಿಸಾಡುತ್ತಿದ್ದೆ. ಈಗ ದಾರ ಕಟ್ಟುವುದು ಅದಕ್ಕೇ.

ಬೀಜ ತೆಗೆದಿಡುವುದು ಕಷ್ಟವಲ್ಲ. ಅಂಗಡಿಯಿಂದ ತಂದ ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ ಮೊದಲ ತಲೆಮಾರಿನ ಪೆಟೂನಿಯಾದಂಥವುಗಳಿಂದ ತೆಗೆದರೆ ತಾಯಿಯಂಥ ಗಿಡ ಬರುವುದಿಲ್ಲ, ಅದನ್ನು ಬಿಟ್ಟುಬಿಡಿ. ಸ್ವೀಟ್ ಪೀ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದರಿಂದ ಹೆಚ್ಚುಕಮ್ಮಿ ಅದೇ ಹೂ ಬರುತ್ತದೆ. ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಕಿತ್ತು, ನೆರಳಲ್ಲಿ ಒಣಗಿಸಿ, ಕಾಗದದ ಕವರಿಗೆ ಹಾಕಿ ಹೆಸರೂ ವರ್ಷವೂ ಬರೆದಿಡಬೇಕು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೆವರಿ ಬೂಸು ಹಿಡಿಯುತ್ತದೆ. ಕಾಯಿಯನ್ನು ಗಿಡದಲ್ಲೇ ತುಂಬಾ ದಿನ ಬಿಟ್ಟರೆ ಬೀಜ ಸಿಗುವುದಿಲ್ಲ. ಪೂರ್ತಿ ಒಣಗಿದ ಸಿಪ್ಪೆ ಎರಡು ಹೋಳಾಗಿ ತಿರುಚಿಕೊಂಡು ಸಿಡಿಯುತ್ತದೆ, ಬೀಜ ಎಲ್ಲೋ ಹಾರಿಹೋಗಿರುತ್ತದೆ.

ಈ ಸಲ ಕಾಯಿಗಳನ್ನು ಒಂದು ಅಗಲದ ತಟ್ಟೆಯಲ್ಲಿ ಹರವಿ, ಮೇಲೆ ತೆಳು ಬಟ್ಟೆ ಮುಚ್ಚಿ ಅಮ್ಮನ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ಎರಡನೇ ದಿನ ಸಂಜೆ ಮನೆಗೆ ಬಂದಾಗ ಅವಳು ಅದರ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಳು. ನಾನು ಚಪ್ಪಲಿ ಬಿಡುತ್ತಿರುವಾಗಲೇ ಬಟ್ಟೆಯ ಅಡಿಯಲ್ಲಿ ಚಟ್ ಅಂತ ಒಂದು ಸದ್ದು.

“ಹನ್ನೊಂದು” ಅಂದಳು ಅಮ್ಮ. “ಬೆಳಿಗ್ಗೆಯಿಂದ ಎಣಿಸ್ತಾ ಇದೀನಿ.”